ಬಾದಾಮಿಯ ಬಂಡೆಯ ಮೇಲೆ ನೀರಿನ ಹೆಜ್ಜೆ

ಬಾಗಲಕೋಟೆ ಜಿಲ್ಲೆಗೆ ಕಡಲತೀರವಿಲ್ಲ. ಹುನಗುಂದ, ಇಳಕಲ್ಲಿನ ಮಕ್ಕಳು ಕಡಲು ನೋಡಬೇಕಾದರೆ ಘಟ್ಟ ಇಳಿದು ಕಾರವಾರಕ್ಕೋ ಗೋಕರ್ಣಕ್ಕೋ ಹೋಗಬೇಕು. ಆದರೆ ನೀರು ಮರಳಿನ ಮೇಲೆ ಬಿಟ್ಟುಹೋಗುವ ಗುರುತನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ ಒಂದು ಮುಂಜಾನೆ ಅಡ್ಡಾಡಿದರೆ ಸಾಕು.

ಶಾಲಾ ಪ್ರವಾಸಗಳು ಇಲ್ಲಿ ಅವಸರದಲ್ಲಿ ಮುಗಿಯುತ್ತವೆ. ನಾಲ್ಕು ಗುಹೆ ಹತ್ತಿ ಇಳಿದು, ಮಂಗಗಳ ಕೈಯಿಂದ ಬುತ್ತಿ ಉಳಿಸಿಕೊಂಡು ಬಸ್ಸು ಏರುವುದೇ ರೂಢಿ. ಮಂಗಳೇಶ ಮಾಡಿಸಿದ ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದು ಎಂದು ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಗುಹೆ ಕೊರೆದ ಆ ಕಲ್ಲಿನ ವಯಸ್ಸೆಷ್ಟು ಎಂದು ಕೇಳುವವರು ಕಡಿಮೆ.

ಮಗಳು, ಅಳಿಯ, ಐದು ವರ್ಷದ ಮೊಮ್ಮಗನೊಂದಿಗೆ ಕೆರೆಯ ದಂಡೆಗುಂಟ ಭೂತನಾಥ ಗುಡಿಯ ಕಡೆ ನಡೆದಿದ್ದೆವು. ಒಂದು ಹಾಸುಬಂಡೆಯ ಮೇಲೆ ಸಾಲುಸಾಲಾಗಿ ಏರಿಳಿವ ಗೆರೆಗಳಿದ್ದವು. ಹುಡುಗ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಅಂಗೈಯಿಂದ ಸವರಿದ.

‘ಅಜ್ಜಾ, ಈ ಗೆರಿ ಯಾರ ಕೊರದಾರ?’

‘ಯಾರೂ ಕೊರದಿಲ್ಲಪ್ಪ, ನೀರು ಮಾಡೇತಿ.’

‘ಹಂಗಾದ್ರ ಆ ನೀರು ಎಲ್ಲಿ ಹೋತು?’

ದೊಡ್ಡ ತರಗತಿಯ ಹುಡುಗರೂ ಕೇಳಬೇಕಾದ ಪ್ರಶ್ನೆ ಇದು. ಈ ಮರಳುಗಲ್ಲು ಒಂದು ಕಾಲಕ್ಕೆ ಬರೀ ಉಸುಕು. ಇನ್ನೂ ಹಳೆಯ ಶಿಲೆಗಳು ಸವೆದು, ಬಹುಪಾಲು ನದಿಗಳು ಹೊತ್ತುತಂದು ಹರವಿದ ಉಸುಕು. ಅದರ ಮೇಲೆ ನೀರು ಹರಿದಾಗ ಅಲೆಗುರುತು ಮೂಡಿತು. ಮೇಲೆ ಮತ್ತೊಂದು ಪದರ ಕುಳಿತು ಅದನ್ನು ಮುಚ್ಚಿತು. ಭಾರಕ್ಕೆ ಕಣಗಳು ಬಿಗಿದು, ಸಿಲಿಕಾದಂಥ ಖನಿಜಗಳು ಗಾರೆಯಂತೆ ಬೆಸೆದು ಉಸುಕು ಕಲ್ಲಾಯಿತು. ಕಬ್ಬಿಣದ ಆಕ್ಸೈಡು ಅದಕ್ಕೆ ಕೆಂಪು ಬಣ್ಣ ಕೊಟ್ಟಿತು. ಇದೆಲ್ಲ ನಡೆದದ್ದು 50 ಕೋಟಿ ವರ್ಷಗಳಿಗೂ ಬಹಳ ಹಿಂದೆ. ಆಗ ನೆಲದ ಮೇಲೆ ಹುಲ್ಲಿರಲಿಲ್ಲ, ನೀರಿನಲ್ಲಿ ಮೀನಿರಲಿಲ್ಲ.

ಗುರುತನ್ನು ಓದುವುದು ಕಷ್ಟವಲ್ಲ. ದಿಣ್ಣೆಯ ಎರಡೂ ಬದಿಯ ಇಳಿಜಾರು ಸಮವಾಗಿದ್ದರೆ ಅಲ್ಲಿ ನೀರು ಅಲೆಯಾಗಿ ಹಿಂದೆ ಮುಂದೆ ಆಡಿದೆ. ಒಂದು ಬದಿ ಸೌಮ್ಯ, ಇನ್ನೊಂದು ಕಡಿದಾಗಿದ್ದರೆ ನೀರು ಒಂದೇ ದಿಕ್ಕಿಗೆ ಹರಿದಿದೆ. ಕಡಿದಾದ ಬದಿ ಹರಿವಿನ ಮುಂದಿನ ದಿಕ್ಕನ್ನು ತೋರಿಸುತ್ತದೆ. ಮನೆಯಲ್ಲಿ ಪರಾತದೊಳಗೆ ತೆಳ್ಳಗೆ ಉಸುಕು ಹರವಿ, ನೀರು ಹಾಕಿ, ಮೆಲ್ಲಗೆ ಅತ್ತಿತ್ತ ತೂಗಿ ನೋಡಿ. ಮೊದಲ ಬಗೆಯ ಗೆರೆಗಳು ನಿಮ್ಮ ಕಣ್ಣೆದುರೇ ಮೂಡುತ್ತವೆ.

ಹಾಗಾದರೆ ಇಲ್ಲಿ ಕಡಲು ಇರಲೇ ಇಲ್ಲವೆ? ಇತ್ತು. ಬಾದಾಮಿಯ ಮರಳುಗಲ್ಲಿಗಿಂತ ಹಳೆಯದಾದ, ಬಾಗಲಕೋಟೆ–ಲೋಕಾಪುರ ಸೀಮೆಯ ಸುಣ್ಣದಂಶದ ಶಿಲೆಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಪದರು ರಚನೆಗಳಿವೆ. ಆಳವಿಲ್ಲದ ಕಡಲಿನಲ್ಲಿ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿದ ಮನೆಗಳು ಅವು. ಇಂದಿಗೂ ಬೆಳೆಯುತ್ತಿರುವ ಅಂಥವು ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಕೊಲ್ಲಿಯಲ್ಲಿವೆ. ನಮ್ಮ ಕಲಾದಗಿಯ ಹೆಸರು ಭೂವಿಜ್ಞಾನದ ಪುಸ್ತಕ ಸೇರಿದ್ದೂ ಈ ಶಿಲಾಸ್ತರಗಳಿಂದಲೇ. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿಯೇ ಇವುಗಳ ವಿವರ ಪ್ರಕಟಿಸಿದ್ದ.

ದುಃಖದ ಮಾತೆಂದರೆ, ಇಂಥ ಬಂಡೆಗಳ ಮೇಲೆ ಮೊಳೆಯಿಂದ ಹೆಸರು ಗೀಚುವ ಚಟ ಇನ್ನೂ ಹೋಗಿಲ್ಲ. ಕೋಟ್ಯಂತರ ವರ್ಷ ಉಳಿದ ಗುರುತನ್ನು ಕೆಡಿಸಲು ಎರಡು ನಿಮಿಷ ಸಾಕು. ಶಿಲ್ಪ ಮುರಿದರೆ ಮರುಗುವ ನಾವು ಕಲ್ಲು ಕೆಟ್ಟರೆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪಾಲಕರು ಚಳಿಗಾಲದ ಒಂದು ರವಿವಾರ ಬಿಡುವು ಮಾಡಿಕೊಳ್ಳಲಿ. ಒಂದು ಭೂತಗನ್ನಡಿ, ಒಂದು ನೋಟುಬುಕ್ಕು ಜೊತೆಗಿರಲಿ. ನೀರಿನ ಅಂಚು ಜಾರುತ್ತದೆ. ಸಣ್ಣ ಮಕ್ಕಳ ಕೈ ಬಿಡಬಾರದು. ಬಂಡೆಯ ಚಿತ್ರವನ್ನು ಮಕ್ಕಳೇ ಬರೆಯಲಿ, ನೀರು ಎತ್ತ ಹರಿದಿತ್ತೆಂದು ಅವರೇ ಬಾಣದ ಗುರುತು ಹಾಕಲಿ. ಉತ್ತರ ಹೇಳಲು ಅವಸರ ಮಾಡಬೇಡಿ. ಬೆರಳಿನಿಂದ ಮುಟ್ಟಿ ಕಲಿತ ಪಾಠ ಪರೀಕ್ಷೆ ಮುಗಿದ ಮೇಲೂ ನೆನಪಿರುತ್ತದೆ.