ಶೆಟ್ಟಿಕೊಪ್ಪದ ಭಾನುವಾರಗಳು – 4: ಹೆಸರಿಲ್ಲದ ಚೀಟಿ

ಪೂಜೆ ಮುಗಿದ್ಮೇಲೆ ತೋಟದ ಲೈನ್ ಮನೆ ಹುಡುಗೀರಿಗೆ ಪರಿಶುದ್ಧತೆ ಬಗ್ಗೆ ಹೇಳ್ಕೊಡ್ತಿದ್ದೆ. ದೇಹ ಪವಿತ್ರಾತ್ಮರ ಆಲಯ ಅಂತ ಸಂತ ಪೌಲರು ಕೊರಿಂಥದವರಿಗೆ ಬರೆದಿದ್ದಾರಲ್ಲ, ಅದೇ ಪಾಠ. ಕೊನೆಗೆ ಪ್ರಶ್ನೆ ಡಬ್ಬಿ ತೆರೆದರೆ ಒಂದು ಚೀಟಿ: "ಅಕ್ಕಾ, ನಾನು ಬೇಡ ಅಂದ್ರೂ ಆಗಿದ್ದಕ್ಕೆ ನಾನು ಅಶುದ್ಧಳಾ?"

ಹೆಸರಿರಲಿಲ್ಲ. ನನ್ನ ಪಾಠದಲ್ಲಿ ಅವಳಿಗೆ ಅಂತ ಒಂದು ಮಾತೂ ಇರಲಿಲ್ಲ.

ನೀನು ಇದನ್ನ ಓದ್ತಿದ್ರೆ ಕೇಳು. ಆಲಯಕ್ಕೆ ಕಳ್ಳ ನುಗ್ಗಿದ್ರೆ ತಪ್ಪು ಆಲಯದ್ದಲ್ಲ. ಪಾಪ ಅವನದ್ದು, ನಿನ್ನದಲ್ಲ. 18 ತುಂಬದವರಿಗೆ 2012ರ ಪೋಕ್ಸೊ ಕಾಯ್ದೆ ಇದೆ. ನಿನ್ನ ಹೆಸರು ಪೇಪರ್‌ನಲ್ಲಿ ಹಾಕೋ ಹಾಗಿಲ್ಲ. 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಫೋನ್ ಮಾಡಬಹುದು, ದುಡ್ಡಿಲ್ಲ. ಒಬ್ಬಳೇ ಮಾಡೋಕೆ ಭಯ ಆದ್ರೆ ಬಾ, ಜೊತೇಲಿ ಮಾಡೋಣ.

ಕ್ಲಾಸ್‌ನವರೇ, ಯಾರನ್ನಾದ್ರೂ "ಹಾಳಾದೋಳು" ಅನ್ನೋ ಮೊದಲು ಈ ಚೀಟಿ ನೆನಪಿಟ್ಕೊಳ್ಳಿ.