ಅದಲು ಬದಲು ಅಂಕಿಗಳು

ಬಸ್ಸಿಗೆ ಕಾಯುತ್ತ ನಿಂತಾಗ ನನ್ನ ಕಣ್ಣು ಹೋಗುವುದು ಗಾಡಿಗಳ ನಂಬರ್ ಪ್ಲೇಟಿಗೆ. ನಾಲ್ಕು ಅಂಕಿ ಸಿಕ್ಕರೆ ಸಾಕು, ಮನಸ್ಸು ಅವನ್ನು ಅದಲು ಬದಲು ಮಾಡತೊಡಗುತ್ತದೆ. ಇವುಗಳಿಂದ ಎಷ್ಟು ಅವಿಭಾಜ್ಯ ಸಂಖ್ಯೆ ಹುಟ್ಟಬಹುದು? ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರ ಮಗ್ಗಿಗೂ ಸಿಗದವು ಎಷ್ಟು?

ಬಹಳಷ್ಟು ಪ್ಲೇಟುಗಳು ಬಸ್ಸು ಬರುವ ಮೊದಲೇ ಮುಗಿದುಹೋಗುತ್ತವೆ. 4826 ಬಂದರೆ ಯೋಚನೆಯೇ ಬೇಡ. ಎಲ್ಲ ಸಮ ಅಂಕಿ, ಹೇಗೆ ಜೋಡಿಸಿದರೂ ಎರಡರ ಪಾಲು. 1758ರ ಅಂಕಿಗಳ ಮೊತ್ತ 21, ಅದು ಮೂರರ ಮಗ್ಗಿಯಲ್ಲಿದೆ. ಅಂಕಿಗಳನ್ನು ಹೇಗೆ ಕದಲಿಸಿದರೂ ಮೊತ್ತ ಬದಲಾಗದು, ಹಾಗಾಗಿ ಅದರ ಇಪ್ಪತ್ನಾಲ್ಕು ಜೋಡಣೆಗಳೂ ಒಂದೇ ಏಟಿಗೆ ಹೊರಗೆ.

ಒಂದು ಸಂಜೆ 1379 ಎದುರು ಬಂದು ನಿಂತಿತು. ಸಮ ಅಂಕಿಯಿಲ್ಲ, ಐದಿಲ್ಲ, ಮೊತ್ತ 20. ಮನೆಗೆ ಬಂದು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಇಪ್ಪತ್ನಾಲ್ಕನ್ನೂ ಸಾಲಾಗಿ ಬರೆದೆ.

ಮೊದಲು ಹನ್ನೊಂದರ ಪರೀಕ್ಷೆ. ಒಂದು ಬಿಟ್ಟು ಒಂದು ಅಂಕಿ ಕೂಡಿದಾಗ ಎರಡು ಮೊತ್ತಗಳೂ ಸಮವಾದರೆ ಆ ಸಂಖ್ಯೆ ಹನ್ನೊಂದರಿಂದ ಭಾಗವಾಗುತ್ತದೆ. ಇಲ್ಲಿ ಒಂದು-ಒಂಬತ್ತು ಸೇರಿದರೂ ಹತ್ತು, ಮೂರು-ಏಳು ಸೇರಿದರೂ ಹತ್ತು. ಈ ಜೋಡಿಗಳು ಒಂದು ಬಿಟ್ಟು ಒಂದು ಜಾಗದಲ್ಲಿ ಕೂತ ಎಂಟು ಸಂಖ್ಯೆಗಳು ಭಾಗಾಕಾರದ ಗೊಡವೆಯಿಲ್ಲದೆ ಎದ್ದುಹೋದವು. ಹಾಗೆ ಹೋಗುವಾಗಲೂ ಅವು ತಮ್ಮ ಚೆಲುವನ್ನು ತೋರಿಸಿಯೇ ಹೋದವು. 9317ನ್ನು ಹನ್ನೊಂದರಿಂದ ಭಾಗಿಸಿದೆ, 847, ಮತ್ತೆ ಭಾಗಿಸಿದೆ, 77, ಮತ್ತೊಮ್ಮೆ, 7. ಒಂದು ಏಳಿನೊಂದಿಗೆ ಮೂರು ಹನ್ನೊಂದು ಹೆಣೆದುಕೊಂಡಿದ್ದವು! 3179ರಲ್ಲಿ ಹನ್ನೊಂದರ ಜೊತೆ ಎರಡು ಹದಿನೇಳು, 3971ರಲ್ಲಿ ಎರಡು ಹತ್ತೊಂಬತ್ತು.

ಉಳಿದ ಹದಿನಾರಕ್ಕೆ ಯಾವ ಉಪಾಯವೂ ಇಲ್ಲ. 7, 13, 17, 19 ಎನ್ನುತ್ತ ವರ್ಗಮೂಲದವರೆಗೆ ಭಾಗಿಸಿಯೇ ನೋಡಬೇಕು. ನನಗೆ ಅಚ್ಚುಮೆಚ್ಚಿನ ಹೊತ್ತು ಇದೇ. ಮೊರದಲ್ಲಿ ಅಕ್ಕಿ ಆರಿಸುವವರ ಹಾಗೆ ಕೈ ನಿಧಾನವಾಗುತ್ತದೆ, ಕಣ್ಣು ಚುರುಕಾಗುತ್ತದೆ. 7913 ಇಪ್ಪತ್ಮೂರರಿಂದ ಒಂದೇ ಒಂದು ಶೇಷ ಉಳಿಸಿ ಪಾರಾಯಿತು, 37ನ್ನೂ ದಾಟಿತು, 41ಕ್ಕೆ ಸಿಕ್ಕಿಬಿತ್ತು: 41×193. ಆದರೆ 9173 ಕೊನೆಯ ಪರೀಕ್ಷೆಯಾದ 89ರಲ್ಲೂ ಆರು ಶೇಷ ಉಳಿಸಿ ಗೆದ್ದಿತು. ಗೆದ್ದ ಸಂಖ್ಯೆಗೆ ಸುತ್ತು ಹಾಕುವಾಗಿನ ಸಂತೋಷ ದೊಡ್ಡದು.

ಇದೇ ಅಂಕಿಗಳನ್ನು ಕಾಪ್ರೇಕರ್ ಅವರ ದಾರಿಯಲ್ಲೂ ನಡೆಸಿ ನೋಡಿದೆ. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಅವರು 1949ರಲ್ಲಿ ಕಂಡದ್ದು ಇದು: ನಾಲ್ಕೂ ಅಂಕಿ ಒಂದೇ ಆಗಿರದಿದ್ದರೆ, ಇಳಿಕೆ ಕ್ರಮದ ಸಂಖ್ಯೆಯಿಂದ ಏರಿಕೆ ಕ್ರಮದ್ದನ್ನು ಕಳೆಯುತ್ತ ಹೋದಾಗ ಕೊನೆಗೆ 6174 ಸಿಗುತ್ತದೆ. 9731ರಲ್ಲಿ 1379 ಕಳೆದರೆ 8352. 8532ರಲ್ಲಿ 2358 ಕಳೆದರೆ 6174. ಎರಡೇ ಹೆಜ್ಜೆ. ಅಲ್ಲಿ ಇಪ್ಪತ್ನಾಲ್ಕು ಜೋಡಣೆಗಳೂ ಒಂದೇ ಮನೆ ಸೇರುತ್ತವೆ, ಯಾವ ಅಂಕಿ ಎಲ್ಲಿತ್ತೆಂದು ಯಾರೂ ಕೇಳುವುದಿಲ್ಲ. ನನ್ನ ಹಾಳೆಯ ಮೇಲೆ ಹಾಗಲ್ಲ; ಮೂರು, ಏಳು ಜಾಗ ಬದಲಿಸಿದರೆ ಸಂಖ್ಯೆಯ ಹಣೆಬರಹವೇ ಬದಲಾಗುತ್ತದೆ. 1973 ಅವಿಭಾಜ್ಯ, 1937 ಹದಿಮೂರರ ಪಾಲು.

ಕೊನೆಗೆ ಸುತ್ತು ಬಿದ್ದದ್ದು ಏಳಕ್ಕೆ: 1973, 3719, 3917, 7193, 9137, 9173, 9371. ಬೀದಿಯಲ್ಲಿ ಕಂಡ 1379 ಮಾತ್ರ ಅವುಗಳಲ್ಲಿಲ್ಲ. ಅದು 7×197. ಏಳು ಮಕ್ಕಳನ್ನು ನನ್ನ ಮನೆಗೆ ಕಳಿಸಿ ತಾನು ಹೊರಗೇ ಉಳಿದ ಅದನ್ನು ಹಾಳೆಯ ನೆತ್ತಿಯ ಮೇಲೆ ದೊಡ್ಡದಾಗಿ ಬರೆದಿಟ್ಟೆ.