ಒಂದಕ್ಕೆ ಎಪ್ಪತ್ತೆರಡು

ಪ್ಲಾಸ್ಟಿಕ್ಕಿನ ಮಾದರಿ ಹೆಲಿಕಾಪ್ಟರುಗಳನ್ನು ಜೋಡಿಸುವುದು ನನ್ನ ಹವ್ಯಾಸವೆಂದು ತಿಳಿದವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಇದು ಹಾರುತ್ತದೆಯೇ ಎಂಬುದು ಮೊದಲನೆಯದು. ಇಲ್ಲ ಎಂದಾಗ ಅವರ ಮುಖದಲ್ಲಿ ಮೂಡುವ ನಿರಾಸೆಗೆ ನಾನು ಒಗ್ಗಿಹೋಗಿದ್ದೇನೆ. ಎರಡನೆಯದು ಹವ್ಯಾಸಕ್ಕೆ ಹೊಸದಾಗಿ ಬಂದವರ ಪ್ರಶ್ನೆ: ಯಾವ ಪ್ರಮಾಣದ ಕಿಟ್ ಒಳ್ಳೆಯದು, 1/72, 1/48 ಅಥವಾ 1/35? ಇದಕ್ಕೆ ನಾನು ವರ್ಷಗಳಿಂದ ಕೊಡುತ್ತ ಬಂದ ಉತ್ತರ ಒಂದೇ. ನನ್ನಂತೆ ವರ್ಗಾವಣೆಯ ನೌಕರಿಯಲ್ಲಿರುವವರಿಗೆ, ಬಾಡಿಗೆ ಮನೆಯವರಿಗೆ 1/72 ಲೇಸು. ಒಂದು ಬೂಟಿನ ಡಬ್ಬಿಯಲ್ಲಿ ಹಿಡಿಸುತ್ತದೆ, ಲಾರಿ ಹತ್ತುವಾಗ ಮಡಿಲಲ್ಲಿಟ್ಟುಕೊಳ್ಳಬಹುದು. ಮಾತು ಸುಳ್ಳಲ್ಲ. ಆದರೆ ನನ್ನ ಕಪಾಟಿನಲ್ಲಿ 1/72 ಬಿಟ್ಟು ಬೇರೆ ಪ್ರಮಾಣದ ಒಂದೂ ಮಾದರಿ ಇಲ್ಲದಿರುವುದಕ್ಕೆ ಕಾರಣ ಅದಲ್ಲ.

ಮೊದಲು ಪ್ರಮಾಣದ ವಿಷಯ. ಈ ಭಿನ್ನರಾಶಿಗಳು ಹುಟ್ಟಿದ್ದು ಅಡಿ ಅಂಗುಲಗಳ ಲೋಕದಲ್ಲಿ. ಆರು ಅಡಿಯ ಆಳನ್ನು ಒಂದು ಅಂಗುಲಕ್ಕೆ ಇಳಿಸಿದರೆ 1/72. ಒಂದು ಅಡಿಯನ್ನು ಕಾಲು ಅಂಗುಲಕ್ಕೆ ಇಳಿಸಿದರೆ 1/48. ಲಂಡನ್ನಿನಲ್ಲಿ 1936ರಲ್ಲಿ ಫ್ರಾಗ್ ಸಂಸ್ಥೆಯವರು 'ಪೆಂಗ್ವಿನ್' ಹೆಸರಿನಲ್ಲಿ ತಂದ ಪ್ಲಾಸ್ಟಿಕ್ ವಿಮಾನದ ಕಿಟ್‌ಗಳು 1/72ರವು. ಯುದ್ಧಕಾಲದಲ್ಲಿ ಶತ್ರುವಿಮಾನವನ್ನು ಗುರುತಿಸುವ ಪಾಠಕ್ಕೂ ಇದೇ ಪ್ರಮಾಣದ ಮಾದರಿಗಳು ಬಳಕೆಯಾದವು. 1/35ರ ಕಥೆ ಬೇರೆ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಸಂಸ್ಥೆ ಒಂದು ಟ್ಯಾಂಕಿನ ಮಾದರಿ ಮಾಡುವಾಗ ಅದರ ಹೊಟ್ಟೆಯೊಳಗೆ ಮೋಟಾರು, ಬ್ಯಾಟರಿಗಳು ಹಿಡಿಸುವಂತೆ ಗಾತ್ರವನ್ನು ನಿರ್ಧರಿಸಿತು. ಆಮೇಲೆ ಅಳೆದು ನೋಡಿದಾಗ ಅದು ಸುಮಾರು ಮೂವತ್ತೈದರಲ್ಲಿ ಒಂದು ಪಾಲಾಗಿತ್ತು. ಹೀಗೆ ಒಂದು ಪ್ರಮಾಣ ಮನುಷ್ಯನ ಎತ್ತರದಿಂದ ಬಂದಿತು, ಇನ್ನೊಂದು ಬ್ಯಾಟರಿಯ ಗಾತ್ರದಿಂದ.

ಉದಾಹರಣೆಗೆ ನಮ್ಮ ವಾಯುಪಡೆಯ ಎಂಐ-17 ಹೆಲಿಕಾಪ್ಟರನ್ನು ತೆಗೆದುಕೊಳ್ಳೋಣ. ಅದರ ತಲೆಯ ಮೇಲೆ ತಿರುಗುವ ಐದು ರೆಕ್ಕೆಗಳ ವೃತ್ತದ ವ್ಯಾಸ ಸುಮಾರು 21.3 ಮೀಟರ್. 1/72ರಲ್ಲಿ ಅದು 29.6 ಸೆಂಟಿಮೀಟರ್, 1/48ರಲ್ಲಿ 44.4, 1/35ರಲ್ಲಿ 60.9. ಉದ್ದ ಎರಡು ಪಟ್ಟಾಗುವುದೆಂದರೆ ಗಾತ್ರ ಎರಡು ಪಟ್ಟಾಗುವುದಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ. 1/35ರ ಮಾದರಿ 1/72ರದಕ್ಕಿಂತ ಉದ್ದದಲ್ಲಿ ಎರಡು ಪಟ್ಟು, ಆದರೆ ಘನದಲ್ಲಿ ಹೆಚ್ಚುಕಡಿಮೆ ಒಂಬತ್ತು ಪಟ್ಟು. ಎಂ.ಎ. ತರಗತಿಯಲ್ಲಿ ಗಲಿವರನ ಕಥೆ ಓದುವಾಗ ನಾವು ನಕ್ಕಿದ್ದು ಇದೇ ಲೆಕ್ಕಕ್ಕೆ. ಲಿಲಿಪುಟ್ಟಿನವರಿಗಿಂತ ಗಲಿವರ್ ಎತ್ತರದಲ್ಲಿ ಹನ್ನೆರಡು ಪಟ್ಟು; ಅವನಿಗೆ ಊಟ ಮಾತ್ರ ಸಾವಿರದ ಏಳುನೂರಕ್ಕೂ ಹೆಚ್ಚು ಮಂದಿಯದು, ಏಕೆಂದರೆ ಹನ್ನೆರಡರ ಘನ 1728. ಊಟದ ಲೆಕ್ಕಕ್ಕೆ ಮುಂದೆ ಮತ್ತೆ ಬರುತ್ತೇನೆ.

1/35ರ ಎಂಐ-17 ನಾನು ನೋಡಿದ್ದು ವಡೋದರಾದಲ್ಲಿ, ನಿವೃತ್ತ ಎಂಜಿನಿಯರರೊಬ್ಬರ ಮನೆಯಲ್ಲಿ. ಟ್ರಂಪೀಟರ್ ಸಂಸ್ಥೆಯ ಕಿಟ್ಟು. ಊಟದ ಮೇಜನ್ನು ಅದಕ್ಕೇ ಬಿಟ್ಟುಕೊಟ್ಟು ಮನೆಮಂದಿ ನೆಲದ ಮೇಲೆ ಕುಳಿತು ಉಣ್ಣುತ್ತಿದ್ದರು. 1/48ರದನ್ನು ನೋಡಿದ್ದು ಈಚೆಗೆ ಅಹಮದಾಬಾದಿನಲ್ಲಿ, ಗೆಳೆಯರೊಬ್ಬರ ಬಳಿ. ಅದು ರಷ್ಯಾದ ಜ್ವೆಜ್ದಾ ಸಂಸ್ಥೆಯದು. ನನ್ನದು 1/72. ಮೂರನ್ನೂ ಹೋಲಿಸಿ ನೋಡಿದ ಮೇಲೆ ಗುಣಮಟ್ಟಕ್ಕೂ ಪ್ರಮಾಣಕ್ಕೂ ನೇರ ಸಂಬಂಧವಿಲ್ಲವೆಂದು ಹೇಳಬಲ್ಲೆ. ನೋಡಬೇಕಾದುದು ಅಚ್ಚನ್ನು. ಹಳೆಯ ಅಚ್ಚುಗಳಲ್ಲಿ ತಗಡುಗಳ ಕೂಡುಗೆರೆಗಳು ಉಬ್ಬಿರುತ್ತವೆ. ಎರಡು ಅರ್ಧಗಳನ್ನು ಅಂಟಿಸಿ ಉಜ್ಜಿದೊಡನೆ ಅಳಿಸಿಹೋಗುತ್ತವೆ. ಹೊಸ ಅಚ್ಚುಗಳಲ್ಲಿ ಅವು ಕೊರೆದ ಗೆರೆಗಳು. ಸವೆದ ಅಚ್ಚಿನಿಂದ ಬಂದ ಭಾಗಗಳ ಅಂಚಿನಲ್ಲಿ ಈರುಳ್ಳಿ ಸಿಪ್ಪೆಯಂತಹ ಪೊರೆ ಇರುತ್ತದೆ. ದಪ್ಪನೆಯ ಭಾಗ ಆರುವಾಗ ಮೇಲ್ಮೈ ಕುಸಿದು ಸಣ್ಣ ಗುಳಿ ಬೀಳುತ್ತದೆ.

ವಿಮಾನದ ಕಿಟ್ಟಿನಲ್ಲಿಲ್ಲದ ಮೂರು ಪರೀಕ್ಷೆಗಳು ಹೆಲಿಕಾಪ್ಟರಿಗೆ ಇವೆ. ಮೊದಲನೆಯದು ಗಾಜು. ಹೆಲಿಕಾಪ್ಟರಿನ ಮೂತಿಯ ಹೆಚ್ಚಿನ ಭಾಗ ಗಾಜೇ. ಪಾರದರ್ಶಕ ಭಾಗ ದಪ್ಪವಾಗಿದ್ದರೆ ಒಳಗಿನ ಆಸನಗಳು ನೀರಿನಡಿಯ ಕಲ್ಲುಗಳಂತೆ ಬಾಗಿ ಕಾಣುತ್ತವೆ. ಎರಡನೆಯದು ಗೋಡೆಯ ದಪ್ಪ. ಪ್ಲಾಸ್ಟಿಕ್ಕನ್ನು ಒಂದು ಮಿಲಿಮೀಟರಿಗಿಂತ ತೆಳುವಾಗಿ ಎರೆಯುವುದು ಕಷ್ಟ. 1/72ರಲ್ಲಿ ಆ ಒಂದು ಮಿಲಿಮೀಟರ್ ಎಂದರೆ ನಿಜದಲ್ಲಿ ಏಳು ಸೆಂಟಿಮೀಟರಿಗೂ ಹೆಚ್ಚು. ಬಾಗಿಲು ತೆರೆದಿಟ್ಟರೆ ಅಲ್ಯೂಮಿನಿಯಂ ತಗಡಿನ ಹೆಲಿಕಾಪ್ಟರು ಕೋಟೆಯ ಹಾಗೆ ಕಾಣುತ್ತದೆ. ಅಂಚನ್ನು ಒಳಗಿನಿಂದ ಅರದಲ್ಲಿ ಸವೆಸಬೇಕು. ಮೂರನೆಯದು ರೆಕ್ಕೆಗಳ ಬಾಗು. ನಿಂತ ಹೆಲಿಕಾಪ್ಟರಿನ ರೆಕ್ಕೆಗಳು ತಮ್ಮ ಭಾರಕ್ಕೆ ಜೋಲುತ್ತವೆ, ಹಾರುವಾಗ ಮೇಲಕ್ಕೆ ಎತ್ತುತ್ತವೆ. ಅನೇಕ ಕಿಟ್‌ಗಳಲ್ಲಿ ಅವು ಅಳತೆಪಟ್ಟಿಯಂತೆ ನೆಟ್ಟಗಿರುತ್ತವೆ. ಬಿಸಿನೀರಿನಲ್ಲಿ ಅದ್ದಿ, ಐದನ್ನೂ ಒಂದೇ ಸಮನೆ ಬಗ್ಗಿಸುವುದು ನಮ್ಮ ಕೆಲಸ.

ಈ ಕೆಲಸಕ್ಕೆ ಬೇಕಾದುದೆಲ್ಲವೂ ಗುಜರಾತಿನಲ್ಲಿದೆ, ಕಿಟ್ ಒಂದನ್ನು ಬಿಟ್ಟು. ಪ್ಲಾಸ್ಟಿಕ್ ಎರೆಯುವ ಯಂತ್ರಗಳು ಅಹಮದಾಬಾದಿನಲ್ಲಿ ತಯಾರಾಗುತ್ತವೆ. ಕಿಟ್‌ಗಳಿಗೆ ಬಳಸುವ ಪಾಲಿಸ್ಟೈರೀನ್ ದಹೇಜಿನಲ್ಲಿ ತಯಾರಾಗುತ್ತದೆ, ವಡೋದರಾದಿಂದ ದೂರವೇನಿಲ್ಲ. ಚಿಮುಟ ಮತ್ತು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿಗಾಗಿ ಸೂರತ್ತಿನ ಮಹೀಧರಪುರದ ಹೀರಾ ಬಜಾರಿಗೆ ಹೋದರೆ ಸಾಕು. ಬೀದಿಯಲ್ಲೇ ಕಾಗದದ ಪೊಟ್ಟಣ ಬಿಚ್ಚಿ ವಜ್ರ ನೋಡುವವರ ನಡುವೆ ನಿಂತು ನಾನು ಕೊಂಡ ಚಿಮುಟ ಇಂದಿಗೂ ಮೊನಚಾಗಿದೆ. ಹೆಲಿಕಾಪ್ಟರಿನ ಬಾಲದುದ್ದಕ್ಕೆ ಎಳೆದ ರೇಡಿಯೊ ತಂತಿಗೆ ನಾನು ಬಳಸಿದ್ದು ಸೂರತ್ತಿನ ಜರಿಯ ಒಂದು ಎಳೆ. ನಮ್ಮ ಬೆಂಗಳೂರಿನ ಎಚ್‌ಎಎಲ್ 1992ರಲ್ಲಿ ಮೊದಲ ಬಾರಿಗೆ ಹಾರಿಸಿದ ಧ್ರುವದ ಕಿಟ್ಟನ್ನು ಮಾತ್ರ ಈ ಮೂರೂ ಊರುಗಳ ಯಾವ ಅಂಗಡಿಯಲ್ಲೂ ನಾನು ಕಂಡಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ 1/72ರ ನಿಜವಾದ ಕಾರಣಕ್ಕೆ ಬರಬೇಕು. ಅದು ಸೂರತ್ತಿನದು, 2006ರ ಆಗಸ್ಟಿನದು. ಉಕಾಯ್ ಅಣೆಕಟ್ಟಿನಿಂದ ಒಂಬತ್ತು ಲಕ್ಷ ಕ್ಯೂಸೆಕ್ಕಿನಷ್ಟು ನೀರು ಬಿಟ್ಟಾಗ ತಾಪಿ ನದಿ ಊರೊಳಗೆ ಬಂದಿತು. ನಾವು ಅಡಾಜಣದಲ್ಲಿ ಬಾಡಿಗೆಗಿದ್ದೆವು. ನೆಲಮಹಡಿ ಪೂರ್ತಿ ಮುಳುಗಿತು. ನಾಲ್ಕು ಕುಟುಂಬಗಳು ತಾರಸಿಯ ಮೇಲೆ. ವಿದ್ಯುತ್ತಿಲ್ಲ, ಕುಡಿಯುವ ನೀರಿಲ್ಲ. ಹೆಂಡತಿಗೆ ಆರು ತಿಂಗಳು. ಎರಡನೆಯ ದಿನ ಮಧ್ಯಾಹ್ನ ಹೆಲಿಕಾಪ್ಟರ್ ಬಂದಿತು. ಅದರ ಗಾಳಿಗೆ ಒಣಹಾಕಿದ್ದ ಬಟ್ಟೆಗಳೆಲ್ಲ ನೀರಿಗೆ ಹಾರಿಹೋದವು. ಪಕ್ಕದ ಬಾಗಿಲಲ್ಲಿ ಕುಳಿತಿದ್ದವನು ಪೊಟ್ಟಣಗಳನ್ನು ಎಸೆದ. ಕೆಲವು ನೀರಿಗೆ ಬಿದ್ದವು, ಆರು ತಾರಸಿಗೆ ಬಿದ್ದವು. ತೊಟ್ಟಿಯ ಹಿಂದೆ ಬಿದ್ದ ಎರಡನ್ನು ನಾನು ಎತ್ತಿಕೊಂಡೆ. ಒಂದನ್ನು ಎಲ್ಲರದರ ಜೊತೆಗೆ ತಂದಿಟ್ಟೆ. ಇನ್ನೊಂದನ್ನು ತೊಟ್ಟಿಯ ಹಿಂದೆಯೇ ಚಾದರದಡಿ ಮುಚ್ಚಿದೆ. ಎತ್ತಿ ನೋಡಿದಾಗ ಬಾಗಿಲಿನವನು ಇನ್ನೂ ಕೆಳಗೆ ನೋಡುತ್ತಿದ್ದ.

ಐದು ಪೊಟ್ಟಣಗಳನ್ನು ಹದಿನಾಲ್ಕು ಜನರಿಗೆ ಹಂಚಿದವರು ಪಕ್ಕದ ಮನೆಯ ಅಜ್ಜಿ, ನಾವೆಲ್ಲ 'ಬಾ' ಎಂದು ಕರೆಯುತ್ತಿದ್ದವರು. ಒಬ್ಬೊಬ್ಬರಿಗೆ ಎರಡು ಪೂರಿ, ಒಂದು ಹಿಡಿ ಗಾಂಠಿಯಾ. ಹಂಚಿ ಮುಗಿದ ಮೇಲೆ ತಮ್ಮ ಪಾಲಿನಿಂದ ಒಂದು ಪೂರಿಯನ್ನು ತೆಗೆದು ನನ್ನ ಹೆಂಡತಿಯ ಕೈಗಿಟ್ಟು, "ನೀನು ಇಬ್ಬರಿಗೆ ತಿನ್ನಬೇಕಲ್ಲ, ದೀಕರಿ" ಎಂದರು. ಆಗಲಾದರೂ ನಾನು ಎದ್ದು ಹೋಗಿ ಆ ಆರನೆಯದನ್ನು ತರಬಹುದಿತ್ತು. ತರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹೆಂಡತಿಗೆ ಕೊಟ್ಟೆ. ಎಲ್ಲಿಂದ ಬಂತೆಂದು ಅವಳು ಕೇಳಲಿಲ್ಲ. ಅರ್ಧ ತಿಂದು ಅರ್ಧ ನನಗೆ ಕೊಟ್ಟಳು. ತಿಂದೆ. ನೀರಿಳಿದ ಮೇಲೆ ಬಾ ತಮ್ಮ ಮಗನ ಊರಿಗೆ ಹೋದರು. ಅವರಿಗೆ ಹೇಳುವ ಅವಕಾಶ ಮತ್ತೆ ಬರಲಿಲ್ಲ.

ಕೆಲವು ವರ್ಷಗಳ ನಂತರ ವಡೋದರಾದಲ್ಲಿ ಮೊದಲ ಕಿಟ್ ಕೊಂಡಾಗ ಆ ಹೆಲಿಕಾಪ್ಟರನ್ನೇ ಮಾಡಬೇಕೆಂದುಕೊಂಡೆ. ಆದರೆ ಕಿಟ್ಟು ನೆನಪಿಗೆ ಪ್ರಶ್ನೆಗಳನ್ನು ಹಾಕುತ್ತದೆ. ಅದು ಎಂಐ-8 ಆಗಿತ್ತೋ ಎಂಐ-17 ಆಗಿತ್ತೋ? ಎರಡಕ್ಕೂ ಹೊಟ್ಟೆ ಒಂದೇ, ಎಡಬದಿಯ ಜಾರುಬಾಗಿಲೂ ಒಂದೇ. ಬಾಲದ ಚಿಕ್ಕ ರೆಕ್ಕೆಗಳು ಬಾಗಿಲಿನ ಬದಿಗೇ ಇದ್ದರೆ ಎಂಐ-17, ಎದುರು ಬದಿಗಿದ್ದರೆ ಎಂಐ-8. ಬಾಗಿಲು ನನಗೆ ಚೆನ್ನಾಗಿ ನೆನಪಿದೆ, ಬಾಲ ನೆನಪಿಲ್ಲ. ಎಂಐ-17 ಎಂದೇ ಇಟ್ಟುಕೊಂಡು ಮಾಡಿದೆ. ಮೇಲೆ ಬಣ್ಣ, ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರಿನ ವೃತ್ತಚಿಹ್ನೆ, ಜರಿಯ ತಂತಿ, ಎಲ್ಲವೂ ಆಯಿತು. ಬಾಗಿಲು ತೆರೆದಿಟ್ಟೆ, ಆಳನ್ನು ಕೂರಿಸಲಿಲ್ಲ. 1/35ರಲ್ಲಿ ಮನುಷ್ಯನ ಮುಖ ಆರು ಮಿಲಿಮೀಟರ್. ವಡೋದರಾದ ಗೆಳೆಯರು ತಮ್ಮ ಆಳುಗಳಿಗೆ ಕಣ್ಣು, ಕಣ್ಣಿನ ಬಿಳುಪು ಎಲ್ಲವನ್ನೂ ಬರೆದಿದ್ದರು. 1/72ರಲ್ಲಿ ಮುಖ ಮೂರೇ ಮಿಲಿಮೀಟರ್, ಕಣ್ಣು ಬರೆಯುವ ಪ್ರಶ್ನೆಯೇ ಇಲ್ಲ. ನಾನು 1/72ಕ್ಕೆ ಅಂಟಿಕೊಂಡದ್ದು ಇದಕ್ಕೆ.

ಕಳೆದ ವರ್ಷ ಅಹಮದಾಬಾದಿನ ಮನೆಯಲ್ಲಿ ಕಪಾಟು ಸಾಲದೆ ಆ ಮಾದರಿಯನ್ನು ಮಗಳ ಮಂಚದ ಮೇಲೆ ಸೂರಿನಿಂದ ನೂಲು ಕಟ್ಟಿ ಇಳಿಬಿಟ್ಟೆ. ಎಷ್ಟು ಇಳಿಬಿಡಬೇಕೆಂದು ಲೆಕ್ಕ ಹಾಕುವಾಗ, ಪ್ರಮಾಣವೆಂದರೆ ಗಾತ್ರ ಮಾತ್ರವಲ್ಲ, ದೂರವೂ ಹೌದೆಂಬುದು ತಡವಾಗಿ ಹೊಳೆಯಿತು. ಅಂದು ಹೆಲಿಕಾಪ್ಟರ್ ನಮ್ಮ ಮೇಲೆ ಸುಮಾರು ನೂರು ಅಡಿ ಎತ್ತರದಲ್ಲಿತ್ತು. 1/72ರ ಮಾದರಿಯನ್ನು ಕಣ್ಣಿನಿಂದ ಒಂದೂ ಕಾಲು ಅಡಿಗಿಂತ ತುಸು ಹೆಚ್ಚು ದೂರದಲ್ಲಿ ಹಿಡಿದರೆ ಅದು ಅಂದು ಕಂಡಷ್ಟೇ ದೊಡ್ಡದಾಗಿ ಕಾಣುತ್ತದೆ. 1/48ರದನ್ನು ಎರಡು ಅಡಿಯಲ್ಲಿ, 1/35ರದನ್ನು ಮೂರು ಅಡಿಗೆ ತುಸು ಕಡಿಮೆಯಲ್ಲಿ ಹಿಡಿದರೂ ಅಷ್ಟೇ. ಮಂಚದ ಮೇಲೆ ಮಲಗಿ, ತಲೆಯೆತ್ತಿ ನೋಡಿದೆ. ಮೂರು ಮಿಲಿಮೀಟರಿನ ಮುಖದಲ್ಲಿ ಕಣ್ಣು ಕಾಣಲು ಸಾಧ್ಯವೇ ಇಲ್ಲ. ಅಂದು ನಾನು ಕಂಡದ್ದು ಅವನ ಕಣ್ಣಲ್ಲ. ಹಾಗೆಯೇ ಮೇಲಿದ್ದ ಅವನಿಗೂ ನಾನು ಒಂದು ಅಂಗುಲದ ಮನುಷ್ಯ. ಚಾದರದಡಿ ಏನಿತ್ತೆಂದು ಅವನಿಗೆ ಕಂಡಿರಲಾರದು. ಇಷ್ಟು ವರ್ಷ ನಾನು ಅವನನ್ನು ಸಾಕ್ಷಿಯೆಂದು ನಂಬಿಕೊಂಡಿದ್ದೆ. ಸಾಕ್ಷಿ ಇರಲಿಲ್ಲ. ಗೊತ್ತಿದ್ದವನು ನಾನೊಬ್ಬನೇ.

ರಜೆಗೆ ಬಂದಿದ್ದ ಮಗಳು ಅದರಡಿ ಮಲಗಿ ಕೇಳಿದಳು: "ಅಪ್ಪ, ಬಾಗಿಲಲ್ಲಿ ಯಾರೂ ಇಲ್ಲವಲ್ಲ?" ಅವಳಿಗೂ, ಅಡುಗೆಮನೆಯಿಂದ ಬಂದು ನಿಂತ ಅವಳ ತಾಯಿಗೂ ಅಂದು ಎಲ್ಲವನ್ನೂ ಹೇಳಿದೆ. ಹೆಂಡತಿ ಬಹಳ ಹೊತ್ತು ಸುಮ್ಮನಿದ್ದು, "ಬಾ ಕೊಟ್ಟ ಪೂರಿಯ ರುಚಿ ಮಾತ್ರ ನನಗೆ ನೆನಪಿದೆ" ಎಂದಳು. ಮಗಳು, "ಹಾಗಾದರೆ ಅದರಲ್ಲಿ ನನ್ನ ಪಾಲೂ ಇದೆ" ಎಂದಳು. ಅದು ಪೊಟ್ಟಣದ ಮಾತೋ, ತಪ್ಪಿನ ಮಾತೋ ನಾನು ಕೇಳಲಿಲ್ಲ.

ಮರುವಾರ 1/72ರ ಆಳುಗಳ ಒಂದು ಪೊಟ್ಟಣ ತರಿಸಿದೆ. ಸೂರತ್ತಿನ ಚಿಮುಟದಲ್ಲಿ ಒಬ್ಬನನ್ನು ಹಿಡಿದು, ಕಾಲುಗಳನ್ನು ಬಗ್ಗಿಸಿ, ತೆರೆದ ಬಾಗಿಲಲ್ಲಿ ಕೆಳಗೆ ನೋಡುವಂತೆ ಕೂರಿಸಿದೆ. ಈಗ ಯಾರಾದರೂ ಯಾವ ಪ್ರಮಾಣ ಒಳ್ಳೆಯದೆಂದು ಕೇಳಿದರೆ, ಮೊದಲು ನೀವು ಎಲ್ಲಿ ನಿಂತು ನೋಡಿದ್ದಿರಿ ಹೇಳಿ ಎನ್ನುತ್ತೇನೆ. ಆಮೇಲೆ ಅಚ್ಚಿನ ಗೆರೆ, ಗಾಜಿನ ದಪ್ಪ, ರೆಕ್ಕೆಯ ಬಾಗು ಇವನ್ನೆಲ್ಲ ವಿವರಿಸುತ್ತೇನೆ.